ಹತ್ತನೆಯ ಸಾಲು

ರಸಮಟ್ಟನ ಸುದ್ದಿ ಅವಳ ಕಿವಿಗೆ ಮೊದಲು ಬಿದ್ದದ್ದು ಅವಳ ಮದುವೆಯ ಮಾತುಕತೆ ನಡೆದ ದಿನ. ನೋಡಲು ಬಂದ ಗಂಡು ದರ್ಜಿ. ಮಾತು ಕಡಿಮೆ, ಬೆರಳ ತುದಿಯಲ್ಲೆಲ್ಲ ಸೂಜಿಯ ಗುರುತು. ದೊಡ್ಡವರು ಒಳಗೆ ಮಾತಿಗೆ ಕೂತಿದ್ದಾಗ ಇವರಿಬ್ಬರನ್ನೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿದ್ದರು. ಅವನು ಸ್ವಲ್ಪ ಹೊತ್ತು ಮೆಟ್ಟಿಲ ಅಗಲವನ್ನು ಗೇಣಿನಲ್ಲಿ ಅಳೆದ. ಆಮೇಲೆ ತಮ್ಮನ ವಿಷಯ ತೆಗೆದ.

"ನನಗೊಬ್ಬ ತಮ್ಮ ಇದಾನೆ. ಆರು ದಿನ ಗೋಡೆ ಕಟ್ತಾನೆ. ಏಳನೇ ದಿನ ಅದನ್ನ ಉರುಳಿಸೋದು ಹೇಗೆ ಅಂತ ಕಲೀತಾನೆ."

ತಲೆ ನೆಟ್ಟಗಿಲ್ಲದ ಮೈದುನನೊಬ್ಬ ಗಂಟುಬೀಳುತ್ತಾನೇನೋ ಎಂದು ಅವಳ ಮುಖ ಸಣ್ಣದಾಯಿತು. ಅದು ಅವನಿಗೂ ಕಂಡಿರಬೇಕು, ಬಿಡಿಸಿ ಹೇಳಿದ. ತಮ್ಮ ಗಾರೆ ಕೆಲಸದವನು, ಎಲ್ಲರೂ ಅವನನ್ನು ಕರೆಯುವುದು ರಸಮಟ್ಟ ಎಂದು. ಜೊತೆಗೆ ಸೈನ್ಯದ ಮೀಸಲು ಪಡೆಯ ಎಂಜಿನಿಯರ್ ತುಕಡಿಗೆ ಹೆಸರು ಕೊಟ್ಟಿದ್ದಾನೆ. ಹೆಸರಿಗೆ ಎಂಜಿನಿಯರುಗಳು, ಕಾಲೇಜಿನ ಮೆಟ್ಟಿಲು ಹತ್ತಿದವರು ಅದರಲ್ಲಿ ಒಬ್ಬರೋ ಇಬ್ಬರೋ. ಉಳಿದವರು ಬಡಗಿ, ಕೊಳಾಯಿ ರಿಪೇರಿಯವನು, ಬಸ್ಸಿನ ಡ್ರೈವರು, ಹೀಗೆ. ವರ್ಷಕ್ಕೆ ಮೂವತ್ತು ಭಾನುವಾರ ಇವರು ಸಮವಸ್ತ್ರ ತೊಟ್ಟು ಮೈದಾನಕ್ಕೆ ಹೋಗಬೇಕು. ಅವುಗಳಲ್ಲಿ ಅರ್ಧ ಯುದ್ಧದ ಕಲಿಕೆಗೆ: ನೆಲಬಾಂಬು ಹುಡುಕುವುದು, ಕೆಸರಲ್ಲಿ ತೆವಳುವುದು, ಹೊಳೆಗೆ ಸೇತುವೆ ಹಾಕುವುದು, ಹಾಕಿದ್ದನ್ನು ಕೆಡಹುವುದು. ಇನ್ನರ್ಧ ಊರ ಕೆಲಸಕ್ಕೆ: ಶಾಲೆಯ ಚಾವಣಿ, ಚರಂಡಿ, ಬಾವಿಯ ಕಟ್ಟೆ.

"ಮತ್ತೆ ರಸಮಟ್ಟ ಅಂದ್ರಲ್ಲ, ಅದೇನು ಹೆಸರು?" ಎಂದು ಅವಳು ಕೇಳಿದಳು. ಅವರಿಬ್ಬರ ನಡುವೆ ಅವಳಾಡಿದ ಮೊದಲ ಮಾತು ಅದೇ. ಗಂಡನ ಬಗ್ಗೆ ಒಂದೂ ಕೇಳದೆ ಮೈದುನನ ಬಗ್ಗೆ ಕೇಳಿದಳು ಎಂದು ದರ್ಜಿ ಸಾಯುವ ತನಕ ಛೇಡಿಸುತ್ತಿದ್ದ.

ರಸಮಟ್ಟ ಎಂದರೆ ಕಟ್ಟಿದ್ದು ಸಮನಾಗಿದೆಯೋ ಇಲ್ಲವೋ ಎಂದು ಗಾರೆಯವರು ನೋಡುವ ಪಟ್ಟಿ. ನಡುವೆ ಒಂದು ಗಾಜಿನ ಕೊಳವೆ, ಅದರೊಳಗೆ ನೀರು, ನೀರಿನಲ್ಲಿ ಓಡಾಡುವ ಒಂದು ಗುಳ್ಳೆ. ಗುಳ್ಳೆ ನಡುವಿಗೆ ಬಂದು ನಿಂತರೆ ಸಮ. ಉಳಿದವರು ಅದನ್ನು ಚೀಲದಲ್ಲಿಟ್ಟರೆ ಇವನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಸಮವಸ್ತ್ರದಲ್ಲೂ ಅದಕ್ಕೆಂದೇ ಒಂದು ಉದ್ದ ಜೇಬನ್ನು ಅಣ್ಣನಿಂದ ಹೊಲಿಸಿಕೊಂಡಿದ್ದ.

ಮದುವೆಯಾಗಿ ಅವಳು ಆ ಮನೆಗೆ ಹೋದ ಮೂರನೆಯ ದಿನ ಭಾನುವಾರ. ಸಂಜೆಯ ಹೊತ್ತಿಗೆ ಕಿವಿಯ ತನಕ ಕೆಸರು ಮೆತ್ತಿಕೊಂಡ ಒಬ್ಬ ಬಾಗಿಲಲ್ಲಿ ನಿಂತ. ಬಂದೆಯಾ, ಚೆನ್ನಾಗಿದ್ದೀಯಾ ಎಂಬ ಮಾತಿಲ್ಲ. ಮೂಲೆಯಲ್ಲಿದ್ದ ಅವಳ ಟ್ರಂಕನ್ನು ದಿಟ್ಟಿಸಿದ, ಜೇಬಿನಿಂದ ಪಟ್ಟಿ ತೆಗೆದು ಅದರ ಮೇಲಿಟ್ಟ.

"ಅತ್ತಿಗೆ, ನಿಮ್ಮ ಟ್ರಂಕು ಎಡಕ್ಕೆ ವಾಲಿದೆ."

"ಟ್ರಂಕು ನೆಟ್ಟಗೇ ಇದೆ. ನಿಮ್ಮ ಮನೆ ನೆಲ ವಾಲಿದೆ," ಎಂದಳು ಅವಳು.

ಅವನು ಟ್ರಂಕನ್ನು ಸರಿಸಿ, ನೆಲದ ಮೇಲೆ ಬಗ್ಗಿ, ನಾಲ್ಕು ಕಡೆ ಪಟ್ಟಿಯಿಟ್ಟು ನೋಡಿದ. ಕೆಸರು ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡಿತು. ಮರುದಿನ ಬೆಳಿಗ್ಗೆಯೇ ಆ ಕೋಣೆಯ ನೆಲ ಅಗೆದು ಹಾಕಿದ. ನಾಲ್ಕು ದಿನ ಅಡುಗೆ ಅಂಗಳದಲ್ಲಿ. ಅತ್ತೆ ಮಗನನ್ನು ಬೈಯಲಿಲ್ಲ, ಬಾಯಿ ಬಿಟ್ಟ ಸೊಸೆಯನ್ನು ಬೈದಳು. ಆದರೆ ಆ ಹೊತ್ತಿನಿಂದ ಅತ್ತಿಗೆಯೆಂದರೆ ರಸಮಟ್ಟನಿಗೆ ಮನೆಯಲ್ಲಿರುವ ಇನ್ನೊಂದು ಪಟ್ಟಿ ಎಂಬಂತಾಯಿತು. ಏನು ಮಾಡಿದರೂ ಅವಳ ಮುಂದೆ ತಂದು ನಿಲ್ಲಿಸಿ, ಗುಳ್ಳೆ ನಡುವಿಗೆ ಬಂತೇ ಎಂದು ಅವಳ ಮುಖ ನೋಡುತ್ತಿದ್ದ.

ಅವನ ಮದುವೆಯ ಕತೆಯೂ ಇಂಥದ್ದೇ. ಹೆಣ್ಣಿನ ಮನೆಗೆ ಹೋದವನು ಹುಡುಗಿಯನ್ನು ನೋಡುವುದಕ್ಕೆ ಮುಂಚೆ ಬಾಗಿಲ ಚೌಕಟ್ಟನ್ನು ನೋಡಿದ. ಅರ್ಧ ಅಂಗುಲ ಓರೆ ಎಂದು ಹುಡುಗಿಯ ಅಪ್ಪನಿಗೇ ಹೇಳಿಬಿಟ್ಟ. ಆ ಅಪ್ಪ ಬಡಗಿ, ಚೌಕಟ್ಟು ಕೂರಿಸಿದ್ದು ಅವನೇ. ಬಂದ ದಾರಿಗೆ ಸುಂಕವಿಲ್ಲವೆಂದು ಎದ್ದು ಬಂದರು. ಎರಡು ವಾರ ಕಳೆದ ಮೇಲೆ ರಸಮಟ್ಟ ಒಬ್ಬನೇ ಉಳಿ, ಸುತ್ತಿಗೆ ಹಿಡಿದು ಆ ಮನೆಗೆ ಹೋಗಿ ಚೌಕಟ್ಟನ್ನು ಸರಿಮಾಡಿ ಬಂದ. ಬಾಗಿಲು ಆಮೇಲೆ ಸದ್ದಿಲ್ಲದೆ ಮುಚ್ಚತೊಡಗಿತು. ಹುಡುಗಿಯೂ ಸದ್ದಿಲ್ಲದೆ ಒಪ್ಪಿದಳು. ನಾಲ್ಕನೇ ಬೀದಿಯಲ್ಲಿ ಬೇರೆ ಮನೆ ಹೂಡಿದರು, ಅದರ ನೆಲ ಮಾತ್ರ ಹೇಗಿತ್ತೆಂದು ಹೇಳುವುದೇ ಬೇಡ.

ಇನ್ನು ಕಾಲುವೆಯ ವಿಷಯ. ಊರಿನ ನಡುವೆ ನಲವತ್ತಡಿ ಅಗಲದ ಕಾಲುವೆ. ಈಚೆ ದಡದಲ್ಲಿ ಮನೆಗಳು, ಆಚೆ ದಡದಲ್ಲಿ ಆಸ್ಪತ್ರೆ. ನಡುವೆ ಒಂದು ಕಾಲುಸೇತುವೆ ಇತ್ತಂತೆ, ಅವಳು ಆ ಮನೆಗೆ ಬರುವ ಮೊದಲೇ ನೀರಿಗೆ ಕೊಚ್ಚಿಹೋಗಿ ಎರಡೂ ಬದಿ ಮೋಟು ಕಲ್ಲುಗಳು ಮಾತ್ರ ಉಳಿದಿದ್ದವು. ಆಚೆಗೆ ಹೋಗಬೇಕಾದರೆ ತೂಬಿನ ಹತ್ತಿರದ ರಸ್ತೆ ಸುತ್ತಿ ಮುಕ್ಕಾಲು ಗಂಟೆ ನಡೆಯಬೇಕು. ಅವಳ ಕೆಲಸವಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಕುದಿಯುವ ಹಂಡೆ, ಇನ್ನೊಂದರಲ್ಲಿ ಆಳೆತ್ತರದ ಇಸ್ತ್ರಿ ಯಂತ್ರ, ಗೋಡೆಗೆಲ್ಲ ಫಿನಾಯಿಲಿನ ವಾಸನೆ. ದಿನಕ್ಕೆ ಇನ್ನೂರು ಹಾಸಿಗೆಯ ಹೊದಿಕೆ ಅವಳ ಕೈಯಲ್ಲಿ ಮಡಿಕೆಯಾಗುತ್ತಿದ್ದವು. ಆ ಕೆಲಸ ಸುಲಭದಲ್ಲಿ ಸಿಕ್ಕಿದ್ದಲ್ಲ, ಬಿಟ್ಟರೆ ಹಿಡಿದುಕೊಳ್ಳಲು ಬಾಗಿಲಲ್ಲೇ ಹತ್ತು ಜನ ನಿಂತಿದ್ದರು.

ಮಗಳು ಹುಟ್ಟಿ ಐದು ತಿಂಗಳಿಗೆ ಅವಳು ಕೆಲಸಕ್ಕೆ ಮರಳಬೇಕಾಯಿತು. ಮಗು ಬಾಟಲಿಗೆ ಒಗ್ಗಲೇ ಇಲ್ಲ. ರಬ್ಬರನ್ನು ನಾಲಿಗೆಯಿಂದ ಹೊರಕ್ಕೆ ನೂಕಿ, ಬೆನ್ನು ಬಿಲ್ಲಾಗಿಸಿ ಅಳುತ್ತಿತ್ತು. ಮಧ್ಯಾಹ್ನದ ಬಿಡುವು ಅರ್ಧ ಗಂಟೆ, ಸುತ್ತು ದಾರಿ ಮುಕ್ಕಾಲು ಗಂಟೆ. ಲೆಕ್ಕ ಯಾವ ಕಡೆಯಿಂದ ಹಾಕಿದರೂ ಹೊಂದುತ್ತಿರಲಿಲ್ಲ. ಮೂರು ವಾರದಲ್ಲಿ ಮಗುವಿನ ಕೈ ಸೊರಗಿ ಬಳೆ ಜಾರತೊಡಗಿತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಅವಳು ಒಂದು ಸಂಜೆ ಗಂಡನಿಗೆ ಹೇಳಿದಳು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದ. ಗೋಡೆಗೊರಗಿ ನಿಂತಿದ್ದ ರಸಮಟ್ಟ, ಇನ್ನು ಮೂರು ವಾರ ತಡೆಯಿರಿ ಅತ್ತಿಗೆ ಎಂದ.

ಅವನ ತಲೆಯಲ್ಲಿದ್ದದ್ದು ಇದು. ಆ ವರ್ಷ ಮೇಲಿನಿಂದ ತುಕಡಿಗೆ ಖಾರವಾದ ಪತ್ರ ಬಂದಿತ್ತು. ನೀವು ಚರಂಡಿ ಕಟ್ಟುವುದರಲ್ಲಿ ಎತ್ತಿದ ಕೈ, ಯುದ್ಧದಲ್ಲಿ ಹಿಂದೆ. ವರ್ಷದ ಪರೀಕ್ಷೆಯಲ್ಲಿ ಕಾಲಕ್ಕೆ ಸರಿಯಾಗಿ ಸೇತುವೆ ಹಾಕಿ ತೋರಿಸದಿದ್ದರೆ ತುಕಡಿಯನ್ನೇ ಮುಚ್ಚುತ್ತೇವೆ ಎಂದು. ಊರವರ ದೂರು ಇದಕ್ಕೆ ತದ್ವಿರುದ್ಧ: ಗುಂಡು ಹಾರಿಸುತ್ತಾ ಕೂತಿದ್ದಾರೆ, ಶಾಲೆಯ ಗೋಡೆ ಸೊಂಟದೆತ್ತರಕ್ಕೇ ನಿಂತಿದೆ. ನಡುವೆ ಸಿಕ್ಕಿ ನಲುಗಿದವನು ತುಕಡಿಯ ಕ್ಯಾಪ್ಟನ್. ವಾರದ ದಿನಗಳಲ್ಲಿ ಅವನು ಅದೇ ಶಾಲೆಯ ಲೆಕ್ಕದ ಮೇಷ್ಟ್ರು, ಎಲ್ಲರೂ ಕರೆಯುವುದೂ ಮೇಷ್ಟ್ರು ಎಂದೇ. ಸಿಪಾಯಿಗಳು ತಪ್ಪು ಮಾಡಿದರೆ ಹತ್ತು ಸಲ ಬರೆಯಲು ಹೇಳುತ್ತಿದ್ದವನು.

ಆರು ತಿಂಗಳ ಹಿಂದೆ ರಸಮಟ್ಟ ಅವನಿಗೊಂದು ಉಪಾಯ ಹೇಳಿದ್ದ. "ಪರೀಕ್ಷೆಗೆ ಅಂತ ಸೇತುವೆ ಹಾಕ್ಲೇಬೇಕಲ್ಲ ಮೇಷ್ಟ್ರೇ. ಅದನ್ನ ಮೈದಾನದಲ್ಲಿ ಹಾಕಿ ಬಿಚ್ಚೋ ಬದಲು ಕಾಲುವೆ ಮೇಲೆ ಹಾಕೋಣ, ಅಲ್ಲೇ ಬಿಟ್ಟು ಬರೋಣ. ಎರಡು ಕೆಲಸನೂ ಒಂದೇ ದಿನ ಮುಗೀತದೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅರ್ಜಿ ಹೋಯಿತು, ಒಪ್ಪಿಗೆಯೂ ಬಂತು. ಕಬ್ಬಿಣದ ತೊಲೆಗಳು, ನಟ್ಟು ಬೋಲ್ಟು, ಮೂವತ್ತನಾಲ್ಕು ಹಲಗೆಗಳು. ಪ್ರತಿ ಹಲಗೆಗೂ ಬಿಳಿ ಬಣ್ಣದಲ್ಲಿ ಒಂದರಿಂದ ಮೂವತ್ತನಾಲ್ಕರ ತನಕ ಅಂಕಿ ಬರೆದರು. ಹನ್ನೊಂದು ಭಾನುವಾರ ಮೈದಾನದಲ್ಲಿ ಅಭ್ಯಾಸ. ಹವಾಲ್ದಾರನಾಗಿದ್ದ ರಸಮಟ್ಟನ ಕೈಯಲ್ಲಿ ಅಚ್ಚು ಹಾಕಿದ ಕಾಗದ, ಅದರಲ್ಲಿ ಒಂಬತ್ತು ಸಾಲು. ಮೊದಲ ಸಾಲು ಸಾಮಾನು ಇಳಿಸುವುದು. ಒಂಬತ್ತನೆಯ ಸಾಲು: ಬಿಚ್ಚಿ, ಲಾರಿಗೆ ಹೇರಿ, ದಡದಲ್ಲಿ ಗುರುತು ಉಳಿಯದಂತೆ ಮಾಡುವುದು. ಹನ್ನೊಂದು ಸಲ ಹಾಕಿದರು, ಹನ್ನೊಂದು ಸಲ ಬಿಚ್ಚಿದರು. ಕಣ್ಣು ಕಟ್ಟಿದರೂ ಮಾಡುವಷ್ಟು ಕೈ ಕುದುರಿತು.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಆರಕ್ಕೆ ಶುರುಮಾಡಿ ಏಳೂವರೆಗೆ ಸೇತುವೆ ನಿಲ್ಲಿಸಿದರು. ಆಸ್ಪತ್ರೆಗೆ ಭಾನುವಾರವಿಲ್ಲ. ಅವಳು ಮಗುವಿಗೆ ಹೊಟ್ಟೆ ತುಂಬ ಹಾಲು ಕೊಟ್ಟು ಅತ್ತೆಯ ಕೈಗಿತ್ತು ಅದರ ಮೇಲೆ ಹೆಜ್ಜೆಯಿಟ್ಟಳು. ಒಂದರಿಂದ ಮೂವತ್ತನಾಲ್ಕರ ತನಕ ಅಂಕಿ ಎಣಿಸುತ್ತ ಆಚೆ ಮುಟ್ಟಿದಳು. ಮನೆಯ ಬಾಗಿಲಿನಿಂದ ಹಂಡೆಯ ಕೋಣೆಗೆ ಆರು ನಿಮಿಷ. ಮಧ್ಯಾಹ್ನ ಬರುತ್ತೇನೆಂದು ಅತ್ತೆಗೆ ಹೇಳಿದ್ದಳು, ಸಿಪಾಯಿಗಳಿಗೆ ಊಟವನ್ನೂ ತರುತ್ತೇನೆಂದು ಮೈದುನನಿಗೆ ಹೇಳಿದ್ದಳು. ಸೇತುವೆ ಹಾಕಿಕೊಟ್ಟವರಿಗೆ ಒಂದು ಹೊತ್ತಿನ ಊಟವಾದರೂ ಇರಲೆಂದು ಆಸ್ಪತ್ರೆಯ ಅಡುಗೆಮನೆಯ ಹೆಂಗಸರೇ ಮುಂದೆ ಬಂದಿದ್ದರು.

ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಮೂರು ದೊಡ್ಡ ಪಾತ್ರೆ, ಒಂದು ಬುಟ್ಟಿ ಬ್ರೆಡ್ಡು ಹೊತ್ತು ಅವಳೂ ಅಡುಗೆಯವರೂ ದಡಕ್ಕೆ ಬಂದರು.

ಸೇತುವೆ ಇರಲಿಲ್ಲ.

ಎರಡು ಮೋಟು ಕಲ್ಲು, ನಡುವೆ ನೀರು. ಆಚೆ, ಮನೆಗಳ ಕಡೆಯ ದಡದಲ್ಲಿ ಲಾರಿ, ಲಾರಿಯಲ್ಲಿ ಅಚ್ಚುಕಟ್ಟಾಗಿ ಅಂಕಿಯ ಕ್ರಮದಲ್ಲಿ ಜೋಡಿಸಿದ ಹಲಗೆಗಳು. ಒಬ್ಬ ಹಗ್ಗ ಬಿಗಿಯುತ್ತಿದ್ದ, ಇನ್ನೊಬ್ಬ ಪೊರಕೆ ಹಿಡಿದು ದಡದ ಮೇಲಿನ ಹೆಜ್ಜೆ ಗುರುತನ್ನೂ ಗುಡಿಸುತ್ತಿದ್ದ. ಮೂವತ್ತು ಜನ ಎದೆಯುಬ್ಬಿಸಿ ಸಾಲಾಗಿ ನಿಂತಿದ್ದರು. ಪರೀಕ್ಷೆ ಮಾಡಲು ಬಂದ ಮೇಲಿನ ಸಾಹೇಬರು ಕೈಯ ಗಡಿಯಾರ ನೋಡಿ, ಬಿಚ್ಚಿ ಹೇರಲು ಇಪ್ಪತ್ತಾರೇ ನಿಮಿಷ, ಇಂಥದ್ದನ್ನು ಕಂಡಿಲ್ಲ ಎನ್ನುತ್ತಿದ್ದರು. ಮೇಷ್ಟ್ರ ಮುಖ ಊರಗಲ.

ರಸಮಟ್ಟ ಅತ್ತಿಗೆಯನ್ನು ಕಂಡ. ಹೆಮ್ಮೆಯಿಂದ ಕೈ ಎತ್ತಿದ. ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಯಾರ ದುರುದ್ದೇಶವೂ ಅದರಲ್ಲಿರಲಿಲ್ಲ. ತೆವಳಿದರು, ಹೊಗೆಯಲ್ಲಿ ಓಡಿದರು, ಗಾಯಾಳುವೆಂದು ಬಸ್ಸಿನ ಡ್ರೈವರನ್ನು ಹೊತ್ತು ಸೇತುವೆ ದಾಟಿಸಿದರು. ಎಂಟನೆಯ ಸಾಲು ಮುಗಿಯಿತು. ಮುಂದೆ ಎಂದು ಸಾಹೇಬರು ಹೇಳಿದರು, ಕೈಗಳು ಮುಂದುವರಿದವು. ಅಲ್ಲೇ ಬಿಟ್ಟುಬರುವ ಸೇತುವೆ ಇದೆಂಬುದು ಮೂವತ್ತು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಗಡಿಯಾರ ನೋಡುತ್ತ ನಿಂತ ಮೇಷ್ಟ್ರಿಗೂ ಹೊಳೆಯಲಿಲ್ಲ.

ಅಷ್ಟು ಹೊತ್ತಿಗೆ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಚೆ ದಡಕ್ಕೆ ಬಂದಳು. ನಲವತ್ತಡಿ ನೀರಿನ ಮೇಲೆ ಮಗುವಿನ ಅಳು ಕಲ್ಲೆಸೆದಂತೆ ಬಂದು ಬಿತ್ತು. ಕೇಳಿದೊಡನೆ ಅವಳ ಎದೆಯ ಬಟ್ಟೆ ಒದ್ದೆಯಾಯಿತು. ನಾಚುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಮೇಷ್ಟ್ರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಆಗುವುದಿಲ್ಲವೆಂದು ತಲೆಯಾಡಿಸಿದರು. ಲಾರಿಗೆ ಹೇರಿದ ಮೇಲೆ ಅದು ಉಗ್ರಾಣದ ಸಾಮಾನು, ಮತ್ತೆ ಇಳಿಸಬೇಕಾದರೆ ಹೊಸ ಅರ್ಜಿ, ಬರುವ ತಿಂಗಳೋ ಅದರಾಚೆಯದೋ ನೋಡೋಣ. ಸದ್ಯಕ್ಕೆ ಲಾರಿಯೊಂದು ತೂಬಿನ ರಸ್ತೆಯಲ್ಲಿ ಹೋಗಿ ಊಟ ತರಲಿ, ಹುಡುಗರು ಹಸಿದಿದ್ದಾರೆ ಎಂದು ಈಚೆಗೂ ಕೇಳುವಂತೆ ಹೇಳಿದರು. ಬರುವ ತಿಂಗಳ ಹೊತ್ತಿಗೆ ತಾನು ಆ ಕೋಣೆಯಲ್ಲಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪಾತ್ರೆಯ ಮುಚ್ಚಳದ ಮೇಲೆ ಅವಳು ಕೂತುಬಿಟ್ಟಳು.

"ಊಟ ಇಲ್ಲಿದೆ. ನನ್ನ ಮಗು ಅಲ್ಲಿದೆ. ನಡುವೆ ಇದ್ದದ್ದನ್ನ ನೀವು ಕಿತ್ತಿದೀರಿ," ಎಂದಳು. ಹಂಡೆಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು, ಆಚೆ ದಡಕ್ಕೆ ಸಲೀಸಾಗಿ ಮುಟ್ಟಿತು. "ಅದನ್ನ ಹಾಕಿ, ಆಮೇಲೆ ಎಲ್ಲರೂ ಉಣ್ಣೋಣ. ಅದೂ ಉಣ್ಲಿ, ನೀವೂ ಉಣ್ಣಿ. ಲಾರಿ ಕಳಿಸಿದ್ರೆ ನಾನು ಎದ್ದೇಳೋದಿಲ್ಲ."

ಅಡುಗೆಯವಳೊಬ್ಬಳು ಮೆಲ್ಲಗೆ ಇನ್ನೊಂದು ಪಾತ್ರೆಯ ಮುಚ್ಚಳ ಸರಿಸಿದಳು. ಹುರಿದ ಈರುಳ್ಳಿಯ ವಾಸನೆ ಗಾಳಿ ಹಿಡಿದು ಕಾಲುವೆ ದಾಟಿತು. ಸಾಲಾಗಿ ನಿಂತವರ ಗಂಟಲು ಒಂದೊಂದಾಗಿ ಮೇಲೆ ಕೆಳಗೆ ಆಡಿತು, ಕಡೆಗೆ ಸಾಹೇಬರದೂ. ಮುಂಜಾನೆ ನಾಲ್ಕಕ್ಕೆ ಎದ್ದು ಬಂದ ಮನುಷ್ಯ. ಅವರು ಮಗುವನ್ನು ನೋಡಿದರು, ಲಾರಿಯನ್ನು ನೋಡಿದರು. ಆಮೇಲೆ, ದಣಿದ ತುಕಡಿ ಒಂದೇ ದಿನ ಎರಡನೆಯ ಸಲ ಸೇತುವೆ ಹಾಕಬಲ್ಲುದೇ ಎಂಬುದೂ ಪರೀಕ್ಷೆಯೇ ಅಲ್ಲವೇ ಎಂದು ಗಂಭೀರವಾಗಿ ಹೇಳಿ, ಗಡಿಯಾರವನ್ನು ಸೊನ್ನೆಗೆ ತಿರುಗಿಸಿದರು.

ಬೆಳಿಗ್ಗೆ ಒಂದೂವರೆ ಗಂಟೆ ತೆಗೆದುಕೊಂಡಿದ್ದ ಕೆಲಸ ಈಗ ಐವತ್ತೆಂಟು ನಿಮಿಷಕ್ಕೆ ಮುಗಿಯಿತು. ಕೊನೆಯ ಹಲಗೆಯ ಬೋಲ್ಟು ತಿರುಗಿಸುತ್ತ ಮಂಡಿಯೂರಿದ್ದವನು ರಸಮಟ್ಟ. ತಲೆಯೆತ್ತಲಿಲ್ಲ. ಅವಳು ಅವನ ಕೈ ದಾಟಿ ಓಡಿದಳು. ಲಾರಿಯ ಮರೆಯಲ್ಲಿ ಕೂತು ಮಗುವನ್ನು ಎದೆಗೆ ಹಚ್ಚಿಕೊಂಡಳು. ಅದು ಗುಟುಕರಿಸುವ ಸದ್ದು ಟಯರಿನ ಆಚೆ ನಿಂತಿದ್ದ ಡ್ರೈವರಿಗೂ ಕೇಳಿಸಿತಂತೆ. ಬಿಡುವಿನ ಗಂಟೆ ಮುಗಿದು ಎಷ್ಟೋ ಹೊತ್ತಾಗಿತ್ತು. ಆ ದಿನ ಯಾವ ಮೇಲ್ವಿಚಾರಕಿಯೂ ಅವಳನ್ನು ಹುಡುಕಿಕೊಂಡು ಬರಲಿಲ್ಲ.

ಎಲ್ಲರೂ ಉಂಡರು, ರಸಮಟ್ಟ ಉಣ್ಣಲಿಲ್ಲ. ಮೋಟು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಅವಳೇ ತಟ್ಟೆ ಹಿಡಿದು ಹೋದಳು.

"ಮರೆತುಬಿಟ್ಟೆ ಅತ್ತಿಗೆ," ಎಂದ. "ಕೈಗೆ ಅಷ್ಟೇ ಗೊತ್ತಿತ್ತು."

"ಹಾಗಾದ್ರೆ ಕೈಗೆ ಇನ್ನೊಂದು ಸಾಲು ಕಲಿಸು. ಈಗ ತಿನ್ನು, ಆರಿಹೋಗ್ತದೆ."

ಅವನು ಕಿವಿಯ ಹಿಂದಿನ ಪೆನ್ಸಿಲು ತೆಗೆದ. ಅಚ್ಚಿನ ಕಾಗದದ ಕೆಳಗೆ ಉಳಿದ ಜಾಗದಲ್ಲಿ, ಗೋಡೆಗೆ ಗುರುತು ಹಾಕುವ ದಪ್ಪಕ್ಷರದಲ್ಲಿ ಬರೆದ. ಹತ್ತು: ಮತ್ತೆ ಹಾಕುವುದು, ಅಲ್ಲಿಯವರೆಗೆ ಊಟವಿಲ್ಲ. ಬರೆದದ್ದನ್ನು ಅವಳ ಮುಂದೆ ಹಿಡಿದ. ನಾಲ್ಕನೆಯ ತರಗತಿಯವರೆಗೆ ಕಲಿತಿದ್ದ ಅವಳು ಅಕ್ಷರ ಕೂಡಿಸಿ ಓದಿ, ಗುಳ್ಳೆ ನಡುವಿಗೆ ಬಂತು ಎಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಪರೀಕ್ಷೆ ವರ್ಷಕ್ಕೊಮ್ಮೆ ಬರುತ್ತದೆ, ಸೇತುವೆ ಅದೇ. ಬೆಳಿಗ್ಗೆ ಬಿಚ್ಚುತ್ತಾರೆ, ಕೊಳೆತ ಹಲಗೆ ಇದ್ದರೆ ಬದಲಾಯಿಸಿ ಅಂಕಿ ಬರೆಯುತ್ತಾರೆ, ಬೋಲ್ಟುಗಳಿಗೆ ಎಣ್ಣೆ ಕೊಡುತ್ತಾರೆ, ಮತ್ತೆ ಹಾಕುತ್ತಾರೆ. ಯುದ್ಧದ ಕಲಿಕೆಯೂ ಆಯಿತು, ಊರ ಸೇತುವೆಯ ರಿಪೇರಿಯೂ ಆಯಿತು. ಮೇಲಿನವರ ಕಾಗದದಲ್ಲಿ ಮಾತ್ರ ಎಂದಿಗೂ ಒಂಬತ್ತೇ ಸಾಲು. ಹತ್ತನೆಯದಕ್ಕೆ ಜಾಮೀನು ಅತ್ತಿಗೆ. ಬಿಚ್ಚುವ ಮುಂಚೆ ಅವಳು ದಾಟಿ ಹೋಗಿ ಆಚೆ ದಡದಲ್ಲಿ ಪಾತ್ರೆಗಳೊಂದಿಗೆ ನಿಲ್ಲಬೇಕು, ಮೂವತ್ತನಾಲ್ಕನೆಯ ಹಲಗೆ ಕೂರುವವರೆಗೆ ಮುಚ್ಚಳ ತೆಗೆಯಬಾರದು. ಹೊಸದಾಗಿ ಸೇರಿದವರು ಯಾಕೆ ಎಂದು ಕೇಳಿದರೆ ಹಳಬರು ಕಾಲುವೆಯಾಚೆ ಬೆರಳು ತೋರಿಸಿ, ಕಾಗದಕ್ಕೆ ಹೆದರದಿದ್ದರೂ ಪರವಾಗಿಲ್ಲ, ಅತ್ತಿಗೆಗೆ ಹೆದರು ಎನ್ನುತ್ತಿದ್ದರು. ಇಡೀ ತುಕಡಿಗೆ ಅವಳು ಅತ್ತಿಗೆ. ಮೇಷ್ಟ್ರು ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಅವನಿಗೂ ಅತ್ತಿಗೆಯೇ.

ಮಗಳಿಗೆ ಒಂಬತ್ತು ತುಂಬಿದಾಗ ತುಕಡಿಗೆ ನಿಜವಾದ ಕರೆ ಬಂತು. ನಾಲ್ಕು ತಿಂಗಳು ಗಡಿಯಲ್ಲಿದ್ದರು. ಹೊರಟ ಮೂವತ್ತು ಜನರಲ್ಲಿ ಇಪ್ಪತ್ತೆಂಟು ಜನ ಮರಳಿದರು. ರಸಮಟ್ಟನಿಗೆ ಎಡಗಿವಿ ಕೇಳಿಸದಾಯಿತು. ಅಲ್ಲೇನಾಯಿತೆಂದು ಯಾರಿಗೂ ಹೇಳಲಿಲ್ಲ. ಹೆಂಡತಿ ಕೇಳಿದರೆ, ಆ ಕಿವಿಗೆ ಕೇಳಿಸಲಿಲ್ಲ ಎಂದು ನಗಿಸಿಬಿಡುತ್ತಿದ್ದ. ಒಂದು ದಿನ ಮಾತ್ರ, ಅತ್ತಿಗೆಯ ಅಡುಗೆಮನೆಯ ಒಲೆಯ ಕಟ್ಟೆಗೆ ಗಾರೆ ಹಾಕುತ್ತಿದ್ದಾಗ, ಕರಣೆಯಿಂದ ಕಣ್ಣೆತ್ತದೆ ಹೇಳಿದ. ಅಲ್ಲೊಂದು ಊರಿನ ಸೇತುವೆಯನ್ನು ತಾವು ಕೆಡಹಬೇಕಾಯಿತು. ಒಂಬತ್ತನೆಯ ಸಾಲು ಮುಗಿದ ಮೇಲೆ ಹೊಗೆ ಇಳಿಯಿತು. "ಆಚೆ ದಡದಲ್ಲಿ ಒಬ್ಬಾಕೆ ನಿಂತಿದ್ಲು ಅತ್ತಿಗೆ. ಬುಟ್ಟಿ ಹಿಡ್ಕೊಂಡು. ಬೈದಿದ್ರೆ ಚೆನ್ನಾಗಿತ್ತು. ಸುಮ್ನೆ ನೋಡ್ತಿದ್ಲು."

ಅವಳು ಎದ್ದಳು. ನೀರು ತಂದುಕೊಟ್ಟಳು, ಗಾರೆ ಕಲೆಸುವುದಕ್ಕೆ ಒಂದಿಷ್ಟು, ಕುಡಿಯುವುದಕ್ಕೆ ಒಂದಿಷ್ಟು. ಆ ವರ್ಷದ ಪರೀಕ್ಷೆಯ ದಿನ ಅವಳಿಗೆ ಜ್ವರ, ಮೈ ಕೆಂಡ. ಆದರೂ ಹೋಗಿ ನಿಂತಳು.

ಐವತ್ತಕ್ಕೆ ರಸಮಟ್ಟನ ಸಮವಸ್ತ್ರ ಪೆಟ್ಟಿಗೆ ಸೇರಿತು. ಕೆಸರಲ್ಲಿ ತೆವಳುವುದು ನಿಂತಿತು, ಕಾಲುವೆಗೆ ಬರುವುದು ನಿಲ್ಲಲಿಲ್ಲ. ಪ್ರತಿ ವರ್ಷ ಮಾಸಲು ಅಂಗಿಯಲ್ಲಿ ಬಂದು, ಸೇತುವೆ ನಿಂತ ಮೇಲೆ ತನ್ನ ಪಟ್ಟಿಯನ್ನು ನಡುಹಲಗೆಯ ಮೇಲಿಟ್ಟು ನೋಡುತ್ತಿದ್ದ. ಸಾಹೇಬರುಗಳು ಅದನ್ನು ಪರೀಕ್ಷೆಯ ಒಂದು ಭಾಗವೆಂದೇ ತಿಳಿದು ಕೈಕಟ್ಟಿ ನಿಲ್ಲುತ್ತಿದ್ದರು.

ದರ್ಜಿ ತೀರಿಕೊಂಡ ವಾರ ನೆಂಟರಿಷ್ಟರು ಬಂದು ಅತ್ತರು, ಸಮಾಧಾನ ಹೇಳಿದರು. ಎಲ್ಲರೂ ಹೋದ ಮೇಲೆ ರಸಮಟ್ಟ ಸುತ್ತಿಗೆ ಹಿಡಿದು ಬಂದು ಅಡುಗೆಮನೆಯ ಹಲಗೆಗಳನ್ನೆಲ್ಲ ಕಿತ್ತು, ಒಂದು ಗೇಣು ಕೆಳಗೆ ಹೊಡೆದ. ಮೇಲಿನ ಡಬ್ಬಿಗಳನ್ನು ಅವಳಿಗೆ ಎತ್ತಿಕೊಡುತ್ತಿದ್ದವನು ದರ್ಜಿ, ಅದು ಇವನೊಬ್ಬನಿಗೇ ನೆನಪಿತ್ತು. ಡಬ್ಬಿ ಕೈಗೆ ಸಿಕ್ಕಿದಾಗಲೇ ಅವಳು ಅಷ್ಟು ದಿನ ತಡೆದದ್ದನ್ನೆಲ್ಲ ಅತ್ತದ್ದು. ಅವನು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, ಹಲಗೆ ಸಮನಾಗಿದೆಯಾ ಎಂದು ಕೇಳಿದ. ಸಮನಾಗಿದೆ ಎಂದಳು.

ನಲವತ್ತು ವರ್ಷ ಸಿಮೆಂಟಿನ ಪುಡಿ ಕುಡಿದ ಎದೆ ಕಡೆಗೆ ಕೈಕೊಟ್ಟಿತು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಕೊಟ್ಟರು. ಕಿಟಕಿಯಿಂದ ಕೆಳಗೆ ಕಾಲುವೆ, ಕಾಲುವೆಯ ಮೇಲೆ ಸೇತುವೆ. ಅವಳು ಮಡಿಸಿಟ್ಟಿದ್ದಂಥದ್ದೇ ಹೊದಿಕೆ ಅವನ ಮೈಮೇಲೆ. ಈಗಿನವರ ಮಡಿಕೆಯ ಅಂಚು ಕೂಡುವುದಿಲ್ಲ ಅತ್ತಿಗೆ ಎಂದು ಮೊದಲ ದಿನವೇ ದೂರಿದ. ಅವಳು ನಿವೃತ್ತಳಾಗಿ ಎರಡು ವರ್ಷವಾಗಿತ್ತು, ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ಆದರೂ ಹಗಲು ಅವಳು, ಇರುಳು ಓರಗಿತ್ತಿ ಎಂದು ಹಂಚಿಕೊಂಡು ಅವನ ಪಕ್ಕ ಕೂರುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ತುಕಡಿಯ ಹೊಸ ಕ್ಯಾಪ್ಟನ್ ನೋಡಲು ಬಂದಳು. ಇಪ್ಪತ್ತೇಳರ ಹುಡುಗಿ, ವಾರದಲ್ಲಿ ವಿದ್ಯುತ್ ಕಚೇರಿಯಲ್ಲಿ ಕೆಲಸ. ಬೇರೆ ಊರಿಂದ ಬಂದು ಆರು ವಾರವಾಗಿತ್ತಷ್ಟೆ. ನಾಳೆ ಪರೀಕ್ಷೆ, ಆಶೀರ್ವಾದ ಮಾಡಿ ಅಂಕಲ್ ಎಂದು ಹಣ್ಣಿನ ಚೀಲವಿಟ್ಟಳು. ಅವನು ಕಾಗದ ಕೇಳಿದ. ಹೊಸದಾಗಿ ಅಚ್ಚಾದ ನುಣುಪು ಕಾಗದ. ಕಣ್ಣ ಹತ್ತಿರ ಹಿಡಿದು ಕೊನೆಯ ಸಾಲಿನ ತನಕ ಓದಿದ. ಒಂಬತ್ತು.

ಹುಡುಗಿ ಒಳ್ಳೆಯವಳು, ಹತ್ತನೆಯ ಸಾಲಿನ ಕತೆಯನ್ನೆಲ್ಲ ಕೇಳಿಸಿಕೊಂಡಳು. ಮತ್ತೆ ಹಾಕುತ್ತೇವೆ, ಯೋಚನೆ ಬೇಡ ಎಂದಳು. ಅವಳ ಮೆಟ್ಟಿಲ ಸದ್ದು ಇಳಿದುಹೋದ ಮೇಲೆ ರಸಮಟ್ಟ ಕಿವಿಯ ಹಿಂದೆ ಪೆನ್ಸಿಲಿಗೆ ತಡಕಿದ. ಅಲ್ಲೇನೂ ಇರಲಿಲ್ಲ.

"ಒಳ್ಳೆಯವಳೇ," ಎಂದ. "ನಾನೂ ಒಳ್ಳೆಯವನೇ ಇದ್ದೆ. ಕೈಗೆ ಗೊತ್ತಿರೋದಿಲ್ಲ."

ಈ ಸಲ ಬೇರೆ ಯಾರನ್ನಾದರೂ ನಿಲ್ಲಿಸಿದರಾಯಿತು, ತಾನು ಇಲ್ಲೇ ಇರುತ್ತೇನೆ ಎಂದಳು ಅತ್ತಿಗೆ. ಬೆಳಗಿನಿಂದ ಅವನ ಉಸಿರು ಹಳೆಯ ಹೊಲಿಗೆ ಯಂತ್ರದ ಹಾಗೆ ತಡೆದು ತಡೆದು ಓಡುತ್ತಿತ್ತು. ವೈದ್ಯರು ಹೇಳಿದ್ದನ್ನು ಅವಳು ಓರಗಿತ್ತಿಗೂ ಪೂರ್ತಿ ಹೇಳಿರಲಿಲ್ಲ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೇಳಿಸುವ ಕಿವಿಯನ್ನು ಅವಳ ಕಡೆ ತಿರುಗಿಸಿ, ಪಟ್ಟಿಯನ್ನು ದಿಂಬಿನಡಿಯಿಂದ ತೆಗೆದು ಅವಳ ಕೈಯಲ್ಲಿಟ್ಟ. ಗುಳ್ಳೆ ಅತ್ತಿತ್ತ ಓಡಿ ನಿಲ್ಲುವ ತನಕ ಕಾದ.

"ನಾಳೆ ಇಲ್ಲಿ ಕೂರಬೇಡಿ ಅತ್ತಿಗೆ. ಕೆಳಗೆ ದಡದಲ್ಲಿ ಪಾತ್ರೆ ಇಟ್ಕೊಂಡು ನಿಂತ್ಕೊಳ್ಳಿ. ಮೂವತ್ನಾಕನೇ ಹಲಗೆ ಕೂರೋ ತನಕ ಮುಚ್ಚಳ ತೆಗೀಬೇಡಿ. ಯಾರು ಏನು ಹೇಳಿ ಕಳಿಸಿದ್ರೂ ಕದಲಬೇಡಿ. ನನ್ನ ವಿಷಯ ಹೇಳಿ ಕಳಿಸಿದ್ರೂ."